ಸುಮ್ಮನೆ ಕೂರುವ ಸಂಸ್ಥೆ

ಸೋಮಾರಿ ಮೊಮ್ಮಕ್ಕಳಾ, 'ಹುಡುಗರ ಜೊತೆಗಿದ್ದು ದಾರಿ ತೋರಿಸುವ ಆ ಸಂಸ್ಥೆಗೆ ದುಡ್ಡು ಕೊಡಬಹುದಾ ಅಜ್ಜಿ?' ಎಂದು ಫೋನಿನಲ್ಲೇ ಕೇಳುತ್ತೀರಲ್ಲ, ಚನ್ನಪಟ್ಟಣಕ್ಕೆ ಬರಲು ಕಾಲಿಲ್ಲವೇ? ಇವತ್ತು ನಾನೇ ಹೋಗಿದ್ದೆ.

ಹತ್ತನೇ ಕ್ಲಾಸು ಫೇಲಾದ ಶಬಾನಾ ಅಪ್ಪನ ಗೊಂಬೆ ಕಾರ್ಖಾನೆಯಲ್ಲಿ ಮರ ಕಡೆಯುತ್ತಿದ್ದಳು. ಸಂಸ್ಥೆಯ ಗೀತಾ ಪಕ್ಕದಲ್ಲಿ ಕೂತಿದ್ದಳು.

"ಏನವ್ವಾ, ಸುಮ್ಕೆ ಕೂರೋಕೂ ಒಂದು ಸಂಸ್ಥೆ ಬೇಕಾ?" ಎಂದೆ. ಗೀತಾ ನಕ್ಕು, ಸರಿದು ನನಗೂ ಕೂರಲು ಜಾಗ ಮಾಡಿಕೊಟ್ಟಳು.

ಶಬಾನಾ ತಿರುಗುವ ಮರಕ್ಕೆ ಹಳದಿ ಅರಗಿನ ಕಡ್ಡಿ ಒತ್ತಿದೊಡನೆ ಬಣ್ಣ ಕರಗಿ ಹರಡಿತು. ನೋಡುತ್ತಾ ನೋಡುತ್ತಾ, ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟದ್ದನ್ನೆಲ್ಲ ಗೀತಾಳಿಗೆ ಹೇಳುತ್ತಾ ಹೋದೆ. ಯಂತ್ರ ನಿಂತಾಗ ಕಣ್ಣೊರೆಸಿಕೊಂಡೆ.

"ಗೀತಕ್ಕ ಪಕ್ದಲ್ ಕೂತಾಗ ನಂಗೂ ಹಿಂಗೇ ಆಯ್ತು ಕಣಜ್ಜಿ, ಎಲ್ಲಾ ಹೇಳ್ಕಂಬುಟ್ಟೆ. ಈಗ ಮತ್ತೆ ಪರೀಕ್ಷೆ ಕಟ್ಟಿವ್ನಿ," ಎಂದಳು ಶಬಾನಾ. "ದುಡ್ಡು ಬರ್ದಿದ್ರೆ ಮುಂದಿನ್ ತಿಂಗ್ಳಿಂದ ಅಕ್ಕ ಬರಕಿಲ್ವಂತೆ."

ಕೇಳಬೇಕೆಂದಿದ್ದ ಪ್ರಶ್ನೆ ಒಂದೂ ನೆನಪಾಗಲಿಲ್ಲ. ನನ್ನ ತನಿಖೆ ಮುಗಿಯಿತು. ಕೊಡುವವರು ಈ ತಿಂಗಳೊಳಗೆ ಉತ್ತರ ಬರೆಯಿರಿ. ಕೊಡದವರೂ ಬರೆಯಿರಿ, ಬಯ್ಯಲು ಹೆಸರು ಬೇಕು.