ಎದುರಾಳಿಯ ಏಟು ಬರೆಯುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರಂತಸ್ತಿನ ಮನೆಯ ತಾರಸಿಯಲ್ಲಿ ಹೆಂಗಸೊಬ್ಬರು ನೆಲ ಒರೆಸುವ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾರೆ. ನೀರಿನ ತೊಟ್ಟಿಗೆ ಒರಗಿಸಿಟ್ಟ ಮೊಬೈಲಿನ ಕ್ಯಾಮೆರಾ ಅವರನ್ನೇ ನೋಡುತ್ತಿದೆ. ಮಂಡಿ ಬಾಗುತ್ತದೆ, ಸೊಂಟ ಹಿಂದಕ್ಕೆ ತಿರುಗುತ್ತದೆ, ಕೋಲು ಹೆಗಲ ಹಿಂದೆ ಮರೆಯಾಗುತ್ತದೆ. ಒಂದು ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಇಡೀ ಮೈ ಒಮ್ಮೆಗೇ ಬಿಚ್ಚಿಕೊಂಡು ಕೋಲು ಗಾಳಿಯನ್ನು ಸೀಳುತ್ತದೆ. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿರುವ ನೆರೆಮನೆಯಾಕೆ ತಲೆ ಎತ್ತದೆಯೇ ಕೇಳುತ್ತಾರೆ: “ಇವತ್ತು ಯಾರನ್ನ ಕೊಂದ್ರಿ?”

“ಇನ್ನೂ ಸತ್ತಿಲ್ಲ ಕಣ್ರೀ. ಕಾಲು ಸರಿಯಾಗಿ ಊರಲಿಲ್ಲ,” ಎಂದು ಅವರು ಮತ್ತೆ ಕೋಲೆತ್ತುತ್ತಾರೆ.

ಕೆಲಸದ ಜಾಗದಲ್ಲಿ ಎಲ್ಲರೂ ಇವರನ್ನು ಕರೆಯುವುದು ‘ಏಟಿನಕ್ಕ’ ಎಂದು. ವಿಡಿಯೊ ಗೇಮುಗಳಲ್ಲಿ ಸೈನಿಕರು ಹೊಡೆಯುವ ಏಟನ್ನು ಒಂದೊಂದೇ ಚಿತ್ರವಾಗಿ ಬರೆದು, ಜೋಡಿಸಿ, ಚಲಿಸುವಂತೆ ಮಾಡುವುದು ಇವರ ಕಸುಬು. ತಾರಸಿಯಲ್ಲಿ ತಾವೇ ಕೋಲು ಬೀಸಿ ಹಿಡಿದ ವಿಡಿಯೊ ಅದಕ್ಕೆ ಮಾದರಿ. ಗೇಮು ಹೆಚ್ಚುಕಡಿಮೆ ಚದುರಂಗದ ಹಾಗೆ. ಚೌಕಗಳ ಮೇಲೆ ನಮ್ಮ ದಂಡು, ಎದುರಾಳಿಯ ದಂಡು. ನಮ್ಮದೊಂದು ನಡೆ, ಅವರದೊಂದು ನಡೆ. ಇಬ್ಬರು ಸೈನಿಕರು ಮುಖಾಮುಖಿಯಾದರೆ ಪರದೆ ಬದಲಾಗಿ ಕಾದಾಟ ಕಾಣಿಸುತ್ತದೆ. ಬಹಳ ಸಲ ಬೀಳುವುದು ಮಾಮೂಲಿ ಏಟೇ. ಅಪರೂಪಕ್ಕೊಮ್ಮೆ, ಅದೃಷ್ಟ ಕೂಡಿಬಂದರೆ, ಮೂರು ಪಟ್ಟು ಬಲದ ಏಟು ಬೀಳುತ್ತದೆ. ಅದು ಕ್ರಿಟಿಕಲ್ ಹಿಟ್. ಆಡುವವರ ಬಾಯಲ್ಲಿ ಬರೀ ‘ಕ್ರಿಟ್’. ಆಗ ಸೈನಿಕ ಸುಮ್ಮನೆ ಹೊಡೆಯುವುದಿಲ್ಲ. ತಿರುಗುತ್ತಾನೆ, ನೆಗೆಯುತ್ತಾನೆ, ಪರದೆ ಬೆಳ್ಳಗೆ ಮಿಂಚುತ್ತದೆ. ಇಡೀ ದಿನ ಬೆನ್ನು ಬಗ್ಗಿಸಿ ಕೂತರೆ ಅಂಥ ಚಲನೆ ಅರ್ಧ ಸೆಕೆಂಡಿನಷ್ಟು ಸಿದ್ಧವಾಗುತ್ತದೆ.

ಆ ಅರ್ಧ ಸೆಕೆಂಡಿಗೆ ಪ್ರಾಣ ಬಿಡುವ ಅಭಿಮಾನಿಗಳಿದ್ದಾರೆ. ಕ್ರಿಟ್‌ಗಳನ್ನು ಕತ್ತರಿಸಿ ಜೋಡಿಸಿದ ವಿಡಿಯೊಗಳನ್ನು ಹಂಚುತ್ತಾರೆ, ಯಾವುದು ಮೇಲು ಯಾವುದು ಕೀಳು ಎಂದು ಜಗಳವಾಡುತ್ತಾರೆ, ವರ್ಷಕ್ಕೊಮ್ಮೆ ದೊಡ್ಡ ಸಭಾಂಗಣದಲ್ಲಿ ವೇಷ ಕಟ್ಟಿಕೊಂಡು ಬಂದು ರಟ್ಟಿನ ಕತ್ತಿ ತಿರುಗಿಸುತ್ತಾರೆ. ಆದರೆ ಆ ಪ್ರೀತಿಯೆಲ್ಲ ಕಥಾನಾಯಕನಿಗೆ, ಅವರೇ ‘ಬೆಳ್ಳಿಕತ್ತಿ’ ಎಂದು ಹೆಸರಿಟ್ಟ ಯುವಕನಿಗೆ. ಏಟಿನಕ್ಕ ಬರೆಯುವುದು ಎದುರಾಳಿಗಳ ಕ್ರಿಟ್. ಈ ಗೇಮಿನಲ್ಲಿ ಸತ್ತವರು ಸತ್ತಂತೆಯೇ, ಮತ್ತೆ ಎದ್ದು ಬರುವುದಿಲ್ಲ. ತಿಂಗಳುಗಟ್ಟಲೆ ಸಾಕಿ ಸಲಹಿದ ಸೈನಿಕ ಎದುರಾಳಿಯ ಕ್ರಿಟ್‌ಗೆ ಉರುಳುವಾಗ ಆಡುವವರಿಗೆ ಕಾಣುವುದು ಇವರ ಕೈಚಳಕ.

“ನನ್ನ ಕೆಲಸ ಕಂಡವರು ಹಿಡಿಶಾಪ ಹಾಕ್ತಾರೆ. ‘ಈ ಕೊಡಲಿಯವನನ್ನ ಬರೆದ ಕೈಗೆ ಹುಳ ಬೀಳ’ ಅಂತ ಒಬ್ರು ಬರೆದಿದ್ರು. ಹುಳ ಬಿದ್ದಿಲ್ಲ, ಮಣಿಕಟ್ಟಿನ ನೋವೊಂದು ಬಂದಿದೆ ಅಷ್ಟೆ,” ಎಂದು ಬಲಗೈಗೆ ಸುತ್ತಿದ ಪಟ್ಟಿ ತೋರಿಸಿ ನಗುತ್ತಾರೆ.

ಬೆಳ್ಳಿಕತ್ತಿಯನ್ನು ಬರೆದವಳು ಇವರ ಒಡಹುಟ್ಟಿದ ತಂಗಿ. ಒಂದೇ ಸ್ಟುಡಿಯೊ, ಒಂದೇ ಕೋಣೆ, ಬೆನ್ನಿಗೆ ಬೆನ್ನು ಕೊಟ್ಟ ಎರಡು ಕುರ್ಚಿ. ತಂಗಿಯ ಮೇಜಿನ ಮೇಲೆ ಅಭಿಮಾನಿಗಳು ಕಳಿಸಿದ ಗೊಂಬೆಗಳು, ಹೂಗುಚ್ಛಗಳು, ಸಣ್ಣ ಸಣ್ಣ ಕತ್ತಿಗಳು. ಅಕ್ಕನ ಮೇಜಿನ ಮೇಲೆ ನೋವಿನ ಮುಲಾಮು.

ಈ ಕಸುಬಿಗೆ ಬರುವ ಮುಂಚೆ ಏಟಿನಕ್ಕ ಬಟ್ಟೆ ಗಿರಣಿಯೊಂದರಲ್ಲಿ ಅಚ್ಚಿನ ಹೂಬಳ್ಳಿ ಬರೆಯುತ್ತಿದ್ದರು. ಯಂತ್ರ ಬಂತು, ಬರೆಯುವ ಕೈ ಬೇಡವಾಯಿತು. ಚಲಿಸುವ ಚಿತ್ರ ಬರೆಯುವುದನ್ನು ಈ ಸ್ಟುಡಿಯೊದಲ್ಲೇ ಕಲಿತರು. ಮನೆಗೆ ಬಂದು ಅದನ್ನೇ ತಂಗಿಗೆ ಕಲಿಸಿದರು, ಹಳೆಯ ಪತ್ರಿಕೆಗಳ ಅಂಚಿನಲ್ಲಿ ಓಡುವ ಮನುಷ್ಯರನ್ನು ಬರೆದು, ಹಾಳೆಗಳನ್ನು ಸರಸರನೆ ಮಗುಚಿ ತೋರಿಸಿ. “ಸೊಂಟ ಹೇಳಿದ್ದನ್ನ ಕೈ ಕೇಳ್ಬೇಕು ಕಣೇ, ಕೈ ತಾನೇ ಯಜಮಾನ ಆಗ್ಬಾರ್ದು” ಎನ್ನುವುದು ಅವರ ಮೊದಲ ಪಾಠ. ಮುಂದೆ ಅದೇ ಸ್ಟುಡಿಯೊಗೆ ತಂಗಿಯನ್ನು ಸೇರಿಸಿದವರೂ ಅವರೇ.

ನಾಯಕನ ಕೆಲಸ ಮೊದಲು ಬಂದದ್ದು ಅಕ್ಕನ ಪಾಲಿಗೆ. ಅದೇ ವಾರ ಅಮ್ಮ ಮೆಟ್ಟಿಲಿನಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಒಬ್ಬರು ಇರಲೇಬೇಕಿತ್ತು. “ನೀನು ಹೋಗಿ ಶುರು ಮಾಡು, ನಾನು ಬಂದು ಮುಂದುವರಿಸ್ತೀನಿ,” ಎಂದು ಅಕ್ಕನೇ ತಂಗಿಯನ್ನು ಕಳಿಸಿದರು. ಅಮ್ಮ ಕೋಲೂರಿ ನಡೆಯುವ ಹೊತ್ತಿಗೆ ಬೆಳ್ಳಿಕತ್ತಿ ತಂಗಿಯ ಕೈಯಲ್ಲಿ ಬೆಳೆದು ನಿಂತಿದ್ದ. ಸ್ಟುಡಿಯೊದ ಯಜಮಾನರು ಅವನನ್ನು ಅವಳಿಗೇ ಬಿಟ್ಟರು. ಎದುರಾಳಿಗಳು ಉಳಿದಿದ್ದರು, ಅಕ್ಕ ಅವರನ್ನು ತೆಗೆದುಕೊಂಡರು.

“ಅವಳು ತಪ್ಪೇನೂ ಮಾಡ್ಲಿಲ್ಲ. ಕಷ್ಟ ಇರೋದೇ ಅಲ್ಲಿ. ತಪ್ಪು ಮಾಡಿದ್ರೆ ಬೈದು ಹಗುರಾಗ್ಬಹುದಿತ್ತು,” ಎನ್ನುತ್ತಾರೆ. ತಂಗಿಯ ಹೊಸ ಚಿತ್ರ ನೋಡಿದಾಗಲೆಲ್ಲ ಬಾಯಿ ‘ಚೆನ್ನಾಗಿದೆ’ ಎನ್ನುತ್ತಿತ್ತು, ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಬೀದಿಯಲ್ಲಿ ಹುಡುಗಿಯೊಬ್ಬಳು ಕೊಡೆಯನ್ನೇ ಕತ್ತಿಯಾಗಿ ಹಿಡಿದು ಬೆಳ್ಳಿಕತ್ತಿಯ ಹಾಗೆ ಗಿರ್ರನೆ ತಿರುಗಿದ್ದನ್ನು ಕಂಡ ದಿನ ಅವರು ಎರಡು ಬಸ್ ಬಿಟ್ಟು ಅಲ್ಲೇ ನಿಂತಿದ್ದರಂತೆ.

ಆ ಉರಿ ಕೊನೆಗೆ ಒಂದು ದಾರಿ ಹಿಡಿಯಿತು. ಅಭಿಮಾನಿಗಳು ಸೇರಿ ಹರಟುವ ಅಂತರ್ಜಾಲದ ಕಟ್ಟೆಯಲ್ಲಿ ಏಟಿನಕ್ಕ ‘ಮುಳ್ಳುಹಂದಿ’ ಎಂಬ ಹೆಸರಿನಲ್ಲಿ ಸೇರಿಕೊಂಡರು. ಎಲ್ಲರೂ ಬೆಳ್ಳಿಕತ್ತಿಯನ್ನು ಕೊಂಡಾಡುತ್ತಿದ್ದ ಕಡೆ ಮೊದಲ ಮುಳ್ಳು ಚುಚ್ಚಿದರು: “ಹೊಡೆಯುವ ಮುಂಚೆ ಇವನು ಉಸಿರೇ ಎಳೆದುಕೊಂಡಿಲ್ಲ. ಉಸಿರಿಲ್ಲದವನು ಯಾರನ್ನು ಕೊಲ್ಲುತ್ತಾನೆ?” ಮೊಸರಲ್ಲಿ ಕಲ್ಲು ಹುಡುಕುವವನು ಎಂದು ಜನ ಮೇಲೆ ಬಿದ್ದರು. ಆಮೇಲೆ ನಿಧಾನವಾಗಿ ನೋಡಿ, ಹೌದಲ್ಲ ಎಂದರು. ಕೆಲವು ವಾರಗಳಲ್ಲಿ ಗೇಮಿನ ಹೊಸ ಆವೃತ್ತಿ ಬಂತು. ಬೆಳ್ಳಿಕತ್ತಿಯ ಎದೆ ಉಬ್ಬಿ ಇಳಿಯುತ್ತಿತ್ತು. ಅಭಿಮಾನಿಗಳು ಹುಚ್ಚೆದ್ದು ಕುಣಿದರು.

“ನಾನು ಚುಚ್ಚೋದು, ಅವಳು ತಿದ್ದೋದು, ಜನ ಇನ್ನಷ್ಟು ಹೊಗಳೋದು! ಬೆಂಕಿ ಆರಿಸೋಕೆ ನಾನೇ ಎಣ್ಣೆ ಸುರೀತಿದ್ದೆ,” ಎಂದು ಹಣೆ ಚಚ್ಚಿಕೊಳ್ಳುತ್ತಾರೆ ಏಟಿನಕ್ಕ. ಮುಳ್ಳುಹಂದಿಯ ಮಾತಿಗೆ ಕಟ್ಟೆಯಲ್ಲಿ ತೂಕ ಬಂತು. ಅದು ಚುಚ್ಚಿದ ಕಡೆಯೆಲ್ಲ ಬೆಳ್ಳಿಕತ್ತಿ ಚೆಲುವಾಗುತ್ತ ಹೋದ.

ಕಳೆದ ಸಲದ ಅಭಿಮಾನಿಗಳ ಸಮಾವೇಶದಲ್ಲಿ ಬೆಳ್ಳಿಕತ್ತಿಯ ಕ್ರಿಟ್ ಎಲ್ಲಕ್ಕಿಂತ ಮೇಲು ಎಂದು ಗೆದ್ದಿತು. ತಂಗಿ ವೇದಿಕೆ ಹತ್ತಿದಳು. ಅವಳ ಕೈಚೀಲ ಹಿಡಿದುಕೊಂಡು ಅಕ್ಕ ಮೆಟ್ಟಿಲ ಬಳಿ ನಿಂತಿದ್ದರು. ಇದನ್ನೆಲ್ಲ ಯಾರ ಬಳಿ ಕಲಿತಿರಿ ಎಂದು ನಿರೂಪಕರು ಕೇಳಿದರು. ತಂಗಿ ಮೆಟ್ಟಿಲ ಕಡೆ ಒಮ್ಮೆ ನೋಡಿ ಹೇಳಿದಳು: “ಮನೇಲೇ ಕಲಿತೆ. ಹೀಗೇ, ನೋಡ್ತಾ ನೋಡ್ತಾ.”

ಮರುದಿನ ಮುಳ್ಳುಹಂದಿ ಬರೆಯಿತು: “ಈ ಕೈ ಅವಳದಲ್ಲ. ಎರವಲು ತಂದದ್ದು.”

ಅದು ಕಾಡ್ಗಿಚ್ಚಾಯಿತು. ಮುಳ್ಳುಹಂದಿ ಹೇಳಿದ ಮೇಲೆ ನಿಜವೇ ಇರಬೇಕು ಎಂದು ಜನ ನಂಬಿದರು. ಎಲ್ಲಿಂದ ಕದ್ದಳು, ಯಾರದನ್ನು ನಕಲು ಮಾಡಿದಳು ಎಂದು ಹುಡುಕತೊಡಗಿದರು. ನಿನ್ನೆ ಹೂವು ಕಳಿಸಿದವರೇ ಇಂದು ಕಳ್ಳಿ ಎಂದರು. ಸ್ಟುಡಿಯೊ ಯಜಮಾನರು ತಂಗಿಯನ್ನು ಕರೆದು, ಇದು ತೀರ್ಮಾನವಾಗುವವರೆಗೆ ಹೊಸ ಗೇಮಿನ ಕೆಲಸ ಮುಟ್ಟಬೇಡ ಎಂದರು.

ಅದರ ಮಾರನೆಯ ಬೆಳಿಗ್ಗೆ ತಂಗಿ ನೇರ ತಾರಸಿಗೆ ಬಂದಳು. ಅತ್ತು ಕಣ್ಣು ಊದಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಮುಳ್ಳುಹಂದಿ ನೀನೇ ಅಲ್ವಾ ಅಕ್ಕಾ?”

ಅಕ್ಕ ಕೋಲು ಕೆಳಗಿಟ್ಟರು. “ನಿನಗೆ ಹೆಂಗೆ...”

“‘ಸೊಂಟ ಹೇಳಿದ್ದನ್ನ ಕೈ ಕೇಳ್ಬೇಕು’ ಅಂತ ಅಲ್ಲಿ ಬರೆದ್ಯಲ್ಲ, ಅವತ್ತೇ ಗೊತ್ತಾಯ್ತು. ಈ ಲೋಕದಲ್ಲಿ ಆ ಮಾತು ಇನ್ಯಾರು ಹೇಳ್ತಾರೆ?”

“ಗೊತ್ತಿದ್ದೂ ಯಾಕೆ ಸುಮ್ನಿದ್ದೆ?”

“ಕೇಳಿದ್ರೆ ನೀನು ಅಲ್ಲಿ ಬರೆಯೋದನ್ನೇ ನಿಲ್ಲಿಸಿಬಿಡ್ತಿದ್ದೆ. ಎದುರಿಗೆ ಬರೀ ಚೆನ್ನಾಗಿದೆ, ಚೆನ್ನಾಗಿದೆ. ನಿಜ ಹೇಳ್ತಿದ್ದದ್ದು ಅಲ್ಲಿ ಮಾತ್ರ. ನಾನು ಬರೀತಿದ್ದದ್ದೇ ಆ ಮುಳ್ಳುಹಂದಿಗೋಸ್ಕರ.” ಅವಳೇ ಮುಂದುವರಿಸಿದಳು: “ವೇದಿಕೆ ಮೇಲೆ ನಿನ್ನ ಹೆಸರು ನಾಲಿಗೆ ತುದಿಯಲ್ಲಿತ್ತು. ಹೇಳಿದ್ರೆ ಚಪ್ಪಾಳೆ ನಿಂದಾಗ್ತಿತ್ತು. ಅವತ್ತೊಂದಿನ ಅದು ನನ್ನದೇ ಆಗಿರ್ಲಿ ಅನ್ನಿಸ್ತು.”

ಆ ಮಾತಿಗೆ ತಮಗೆ ಸಿಟ್ಟು ಬರಲಿಲ್ಲ ಎನ್ನುತ್ತಾರೆ ಏಟಿನಕ್ಕ. “ಅವಳ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ. ಒಂದೇ ಹೊಟ್ಟೇಲಿ ಹುಟ್ಟಿದವರಲ್ವಾ, ಕಿಚ್ಚೂ ಒಂದೇ.”

ತಂಗಿ ಅಲ್ಲಿ ನಿಂತಿರುವಾಗಲೇ ಅವರು ಮೊಬೈಲ್ ತೆಗೆದು ಕಟ್ಟೆಯಲ್ಲಿ ಬರೆದರು: ಮುಳ್ಳುಹಂದಿ ನಾನೇ, ಅವಳ ಅಕ್ಕ, ಎದುರಾಳಿಯ ಕ್ರಿಟ್‌ಗಳನ್ನು ಬರೆಯುವವಳು. ಎರವಲು ಎಂದದ್ದು ಹೊಟ್ಟೆಕಿಚ್ಚಿನಿಂದ. ಕೈ ಅವಳದೇ. ಆಮೇಲೆ ಯಜಮಾನರ ಎದುರಿಗೂ ಹೋಗಿ ಅದನ್ನೇ ಹೇಳಿದರು. ಅಭಿಮಾನಿಗಳು ವಾರಗಟ್ಟಲೆ ಬೈದರು. ಯಜಮಾನರು ಬಾಯಿಗೆ ಬಂದಂತೆ ಬೈದು, ಕೆಲಸದಿಂದ ತೆಗೆಯದೆ ಬಿಟ್ಟರು. ತಂಗಿಗೆ ಹೊಸ ಗೇಮಿನ ಕೆಲಸ ಮರಳಿ ಸಿಕ್ಕಿತು. ಅಕ್ಕತಂಗಿಯರ ನಡುವೆ ಮಾತ್ರ ಬಹಳ ದಿನ ಮಾತಿರಲಿಲ್ಲ. ಒಂದೇ ಕೋಣೆಯಲ್ಲಿ ಕುರ್ಚಿಗಳು ಕಿರುಗುಟ್ಟುವ ಸದ್ದು, ಅಷ್ಟೆ.

ಮೌನ ಮುರಿದವಳು ತಂಗಿ. ಹೊಸ ಗೇಮಿನ ಕಥೆಯ ನಡುವೆ ಬೆಳ್ಳಿಕತ್ತಿ ಸಾಯುತ್ತಾನೆ. ಅವನನ್ನು ಬೀಳಿಸುವ ಕ್ರಿಟ್ ಅವಳೇ ಬರೆಯಲಿ ಎನ್ನುವುದು ಯಜಮಾನರ ಲೆಕ್ಕ. ಅವಳು ಕುರ್ಚಿ ತಿರುಗಿಸಿ ಹೇಳಿದಳು: “ಅವನನ್ನ ನೀನೇ ಕೊಲ್ಲಬೇಕು ಅಕ್ಕಾ.”

“ಅದೆಷ್ಟು ವರ್ಷದಿಂದ ಕಾಯ್ತಿದ್ದೀನಿ!” ಎಂದರಂತೆ ಅಕ್ಕ.

ತಂಗಿ ನಗಲಿಲ್ಲ. “ನಾನು ಬರೆದದ್ದನ್ನ ಜನ ನಾಲ್ಕು ಸಲ ನೋಡ್ತಾರೆ. ಐದನೇ ಸಲ ನೋಡದೆ ಗುಂಡಿ ಒತ್ತಿ ಮುಂದಕ್ಕೆ ದಾಟಿಸ್ತಾರೆ. ನಿನ್ನ ಏಟು ಬರುವಾಗ ಯಾರ ಬೆರಳೂ ಅಲ್ಲಾಡಲ್ಲ. ಅವನು ಸಾಯೋದನ್ನ ಯಾರೂ ದಾಟಿಸ್ಬಾರ್ದು.”

ಕೇಳಿದಷ್ಟು ಸುಲಭವಾಗಿರಲಿಲ್ಲ ಆ ಕೆಲಸ. ಮೊದಲ ಕರಡು ನೋಡಿ ಯಜಮಾನರು, “ಇದು ಏಟಲ್ಲ, ಸೇಡು,” ಎಂದು ಹಿಂತಿರುಗಿಸಿದರು. ಆಗ ಏಟಿನಕ್ಕ ಬೆಳ್ಳಿಕತ್ತಿಯ ಹಳೆಯ ಚಿತ್ರಗಳನ್ನೆಲ್ಲ ತರಿಸಿಕೊಂಡು ಒಂದೊಂದಾಗಿ ಬಿಚ್ಚಿ ನೋಡಿದರು. ಅಲ್ಲಿಯವರೆಗೆ ಅವನನ್ನು ಕಂಡದ್ದು ತಪ್ಪು ಹುಡುಕುವ ಕಣ್ಣಿನಿಂದ. ಕತ್ತಿ ಎತ್ತುವ ಮುನ್ನ ಅವನ ಎಡಗೈಯ ಕಿರುಬೆರಳು ಒಮ್ಮೆ ಸಡಿಲವಾಗುತ್ತಿತ್ತು, ಹೆದರಿದವನ ಹಾಗೆ. ಆಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. “ಅದನ್ನ ನಾನು ಕಲಿಸಿರಲಿಲ್ಲ. ಅಂಥದ್ದು ಅಲ್ಲಿ ಎಷ್ಟೊಂದಿತ್ತು! ನೋಡ್ತಾ ನೋಡ್ತಾ ಮತ್ತೆ ಹೊಟ್ಟೆ ಉರೀತು. ಆದ್ರೆ ಈ ಸಲದ ಉರಿ ಬೇರೆ ಥರ, ಕೆಲಸ ಮಾಡಿಸೋ ಅಂಥದ್ದು.”

ಅವರು ಬರೆದದ್ದು ಹೀಗಿದೆ: ಎದುರಾಳಿ ಕೊಡಲಿ ಎತ್ತುತ್ತಾನೆ, ಎತ್ತಿದವನು ಒಂದು ಗಳಿಗೆ ಹಾಗೇ ತಡೆದು ನಿಲ್ಲುತ್ತಾನೆ. ಪರದೆ ಮಿಂಚುವುದಿಲ್ಲ. ಬೆಳ್ಳಿಕತ್ತಿ ತಲೆಯೆತ್ತಿ ಅವನ ಮುಖ ನೋಡುತ್ತಾನೆ. ಆಮೇಲೆ ಏಟು.

ಗೇಮು ಇನ್ನೂ ಹೊರಬಂದಿಲ್ಲ. ಸ್ಟುಡಿಯೊದ ಹೊರಗೆ ಅದನ್ನು ಯಾರೂ ಕಂಡಿಲ್ಲ. ಎಲ್ಲರಿಗಿಂತ ಮೊದಲು ನೋಡಿದವಳು ತಂಗಿ. ಹೇಗಿದೆ ಎಂದಳು ಎಂದು ಕೇಳಿದರೆ ಏಟಿನಕ್ಕನ ಮುಖ ಅರಳುತ್ತದೆ.

“ಚೆನ್ನಾಗಿದೆ ಅನ್ನಲಿಲ್ಲ. ‘ಇನ್ನೊಂದ್ಸಲ ಹಾಕು’ ಅಂದ್ಳು. ಹಾಕ್ದೆ. ಮತ್ತೆ ಹಾಕು ಅಂದ್ಳು. ‘ಎತ್ತಿದ ಕೊಡಲಿ ತಡೆಯುತ್ತಲ್ಲ, ಅದನ್ನ ಹೆಂಗೆ ಮಾಡ್ದೆ?’ ಅಂತ ಕೇಳಿದ್ಳು. ನಾನು ಬಾಯಿ ತೆಗೆಯೋಷ್ಟರಲ್ಲಿ ‘ಬೇಡ, ಹೇಳ್ಬೇಡ’ ಅಂತ ಎದ್ದು ಹೊರಗೆ ಹೋದ್ಳು. ಮುಖ ಇಷ್ಟು ಸಣ್ಣಗಾಗಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು, ಎಷ್ಟು ವರ್ಷ ಕನ್ನಡೀಲಿ ನೋಡಿದ್ದೀನಿ.” ಅವರು ದನಿ ತಗ್ಗಿಸುತ್ತಾರೆ, ಪಕ್ಕದ ತಾರಸಿಗೂ ಕೇಳಬಾರದು ಎನ್ನುವಂತೆ. “ನನ್ನ ತಂಗಿಗೆ ನನ್ನ ಮೇಲೆ ಹೊಟ್ಟೆಕಿಚ್ಚಾಯ್ತು ಕಣ್ರೀ. ನನಗಷ್ಟು ಸಾಕು.”