ಮೂಗತ್ತೆ ಕಿಟಕಿ ತೆರೆಸಿದ ಸಂಜೆಗಳು

ಸಂಜೆ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು ಅವಳು ಬೀದಿಗೆ ಇಳಿದಳೆಂದರೆ ಎರಡೂ ಸಾಲಿನ ಮನೆಗಳ ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಳ್ಳುತ್ತಿದ್ದವು. ಅವಳು ಎಣ್ಣೆ ಪ್ಲಾಂಟಿನ ಗೋಡೆಯ ಕಡೆ ತಿರುಗಿ, ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದಳು. ಆಮೇಲೆ ಒಂದೇ ಮಾತು. "ತೆರೀರಿ." ಇಲ್ಲವೇ, "ಮುಚ್ಚಿ." ಬೀದಿಯ ಕಿಟಕಿಗಳೆಲ್ಲ ಅವಳ ಮಾತು ಕೇಳುತ್ತಿದ್ದವು.

ಅವಳ ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಗಿತ್ತು. ಎಲ್ಲರಿಗೂ ಅವಳು ಮೂಗತ್ತೆ.

ಗೋಡೆಯಾಚೆ ಕಚ್ಚಾ ಎಣ್ಣೆ ಕಾಯಿಸಿ ಪೆಟ್ರೋಲು, ಡೀಸೆಲು ಮಾಡುತ್ತಿದ್ದರು. ಎತ್ತರದ ಕೊಳವೆಯ ತುದಿಯಲ್ಲಿ ಬೆಂಕಿ ಆರುತ್ತಲೇ ಇರಲಿಲ್ಲ. ಆ ಬೀದಿಯಲ್ಲಿ ಹುಟ್ಟಿದ ಮಕ್ಕಳಿಗೆ ಕತ್ತಲೆಯೂ ಕಿತ್ತಳೆ ಬಣ್ಣದ್ದೇ. ಬಾವಿಯ ನೀರಿನ ಮೇಲೆ ಎಣ್ಣೆಯ ಬಣ್ಣಗಳು ಹರಡಿಕೊಂಡ ಮೇಲೆ ಜನ ಬಾವಿಗೆ ಹಲಗೆ ಮುಚ್ಚಿ ಟ್ಯಾಂಕರಿಗಾಗಿ ಕೊಡ ಸಾಲಿಟ್ಟರು. ಟ್ಯಾಂಕರು ವಾರ್ಡಿನ ಮೆಂಬರನದು. ಪ್ಲಾಂಟಿನ ಎಣ್ಣೆಗೆಸರು ಸಾಗಿಸುವ ಲಾರಿಗಳೂ ಅವನವೇ. ಬಾಯಿಬಿಟ್ಟು ಬೈಯೋಣವೆಂದರೆ ಎದುರುಮನೆಯವನು ಪ್ಲಾಂಟಿನ ಕಾವಲುಗಾರ, ಪಕ್ಕದ ಮನೆಯವಳು ಅಲ್ಲಿನ ಕ್ಯಾಂಟೀನಿನ ಅಡುಗೆಯವಳು, ಮೂಗತ್ತೆಯ ಅಳಿಯ ಅಲ್ಲೇ ಗುತ್ತಿಗೆಯ ವೆಲ್ಡರು. ಅವಳು ಇಸ್ತ್ರಿ ಮಾಡುತ್ತಿದ್ದದ್ದೂ ಅವರೆಲ್ಲರ ನೀಲಿ ಸಮವಸ್ತ್ರಗಳನ್ನೇ.

ವಿಷಗಾಳಿ ಸೋರಿದರೆ ಎಚ್ಚರಿಸಲು ಪ್ಲಾಂಟಿಗೊಂದು ಸೈರನ್ ಇತ್ತು. ಅದನ್ನು ಕೂಗಿಸಿದರೆ ಕೆಲಸ ನಿಲ್ಲಿಸಬೇಕಾಗುತ್ತಿತ್ತು, ಹಾಗಾಗಿ ಅದು ಕೂಗುತ್ತಿರಲಿಲ್ಲ. ಒಮ್ಮೆ ಕೊಳೆತ ಮೊಟ್ಟೆಯಂಥ ನಾತ ಇನ್ನೂ ಯಾರಿಗೂ ತಿಳಿಯುವ ಮೊದಲೇ ಮೂಗತ್ತೆ ಬಾಗಿಲು ಬಾಗಿಲು ಬಡಿದು ಎಲ್ಲರನ್ನೂ ಒಳಗೆ ಅಟ್ಟಿದ್ದಳು. ಅಂದಿನಿಂದ ಬೀದಿಯ ಸೈರನ್ ಅವಳ ಮೂಗು.

ಬೇಸಿಗೆಯ ಒಂದು ಮಧ್ಯಾಹ್ನ ಅವಳು ಇಸ್ತ್ರಿ ಒತ್ತುತ್ತ, ಒಳಗೆ ಮಗುವನ್ನು ಮಲಗಿಸುತ್ತಿದ್ದ ಮಗಳೊಂದಿಗೆ ಮಾತಾಡುತ್ತಿದ್ದಳು. ಕಾವಲುಗಾರ ಬೀದಿಯಿಂದಲೇ ಕೂಗಿಕೊಂಡ.

"ಮೂಗತ್ತೇ! ನನ್ನ ಅಂಗಿಗೆ ಇಸ್ತ್ರಿ ಹಾಕ್ತಿದ್ದೀಯೋ, ಹುರೀತಿದ್ದೀಯೋ?"

ಅವಳು ಪೆಟ್ಟಿಗೆ ಎತ್ತಿದಳು. ಅಂಗಿಯ ಬೆನ್ನಿಗೆ ಕಂದು ಗುರುತು ಬಿದ್ದು ಹೊಗೆ ಏಳುತ್ತಿತ್ತು.

"ಇಡೀ ಪ್ಲಾಂಟಿನ ಹೂಸು ಕಂಡುಹಿಡೀತೀಯ. ಮೂಗಿನ ಕೆಳಗೆ ಬಟ್ಟೆ ಸುಟ್ರೆ ಗೊತ್ತಾಗಲ್ವಾ?"

ಅವಳು ನಕ್ಕಳು. ಅವನು ಹೋದ ಮೇಲೆ ಆ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಳು. ಬಿಸಿ ತಿಳಿಯಿತು, ಅಷ್ಟೇ. ಸೋಪು ಮೂಸಿದಳು, ಸೀಮೆಎಣ್ಣೆಯ ಡಬ್ಬಿ ಮೂಸಿದಳು. ಕೊನೆಗೆ ನಿದ್ದೆಹೋಗಿದ್ದ ಮೊಮ್ಮಗಳ ನೆತ್ತಿಗೆ ಮೂಗು ತಾಗಿಸಿ ಬಹಳ ಹೊತ್ತು ಬಗ್ಗಿಕೊಂಡೇ ಇದ್ದಳು.

ಕೆಲಸದಿಂದ ಬಂದ ಅಳಿಯನಿಗೆ ಮಗಳು, ಅಮ್ಮನಿಗೆ ಯಾವ ವಾಸನೆಯೂ ತಿಳಿಯುತ್ತಿಲ್ಲವೆಂದು ಹೇಳಿದಳು. ಅವನು ಬೂಟು ಬಿಚ್ಚುತ್ತಿದ್ದವನು ಹಾಗೆಯೇ ಕೂತ.

"ಆ ಮೊಟ್ಟೆನಾತದ ಗಾಳಿ ಹಾಗೇನೇ ಅತ್ತೆ. ಕಮ್ಮಿ ಇದ್ದಾಗ ನಾರುತ್ತೆ. ಜಾಸ್ತಿ ಆದ್ರೆ ಮೊದ್ಲು ಮೂಗನ್ನೇ ಮಲಗಿಸಿಬಿಡುತ್ತೆ. ವಾಸನೆ ನಿಂತ್ರೆ ಓಡಿ ಅಂತ ನಮಗೆ ಒಳಗೆ ಹೇಳ್ಕೊಡ್ತಾರೆ."

"ವಾಸನೆ ನಿಂತ್ರೆ?"

"ಹೂಂ. ನಿಂತ್ರೆ."

"ಇದನ್ನ ಇಷ್ಟು ದಿನ ಯಾಕಪ್ಪ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ ಅತ್ತೆ. ಹೊರಗೆ ಹೇಳಬಾರ್ದು ಅಂತಾನೂ ಇದೆ."

ಅವಳು ಗೋಡೆಗೆ ಒರಗಿದಳು. ಎಷ್ಟೋ ಸಂಜೆ ನಾತ ಬಂದಿತ್ತು, ಮುಚ್ಚಿಸಿದ್ದಳು. ಮತ್ತೆ ಹೊರಗೆ ನಿಂತು ನೋಡುವಾಗ ನಾತ ಒಮ್ಮೆಲೇ ಮಾಯವಾಗಿತ್ತು, ತೆರೆಸಿದ್ದಳು. ಹಾಗೆ ಹೋಯಿತೆಂದರೆ ಗಾಳಿ ತೊಳೆದುಕೊಂಡಿತು ಎಂದೇ ಅವಳ ಲೆಕ್ಕ, ಬೀದಿಯ ಲೆಕ್ಕವೂ ಅದೇ. ಮೂಲೆಮನೆಯ ಮುದುಕ ದರ್ಜಿ ಅಂಥದೇ ಒಂದು ಸಂಜೆ, "ನೀನು ಹೇಳಿದ ಮೇಲೆ ಆಯ್ತು ಬಿಡವ್ವ" ಎನ್ನುತ್ತ ಎರಡೂ ಕಿಟಕಿ ತೆರೆದು, ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವನು ಏಳಲಿಲ್ಲ. ವಯಸ್ಸಾಗಿತ್ತು ಎಂದಿದ್ದರು ಎಲ್ಲರೂ. ಅವಳೂ ಎಂದಿದ್ದಳು.

ಮಾರನೆಯ ದಿನ ಮೆಂಬರನ ಮನೆಗೆ ಹೋದಳು.

"ಗಾಳಿ ನೋಡೋ ಮೀಟರೊಂದು ನಮ್ಮ ಬೀದಿಗೆ ಹಾಕಿಸಿಕೊಡಿ ಸಾಹೇಬ್ರೇ."

"ಮೀಟರ್ ಯಾಕೆ ಮೂಗತ್ತೆ, ನೀನಿಲ್ವಾ?" ಎಂದು ಅವನು ಜೋರಾಗಿ ನಕ್ಕ. ಅವಳು ನಗಲಿಲ್ಲ. ಅವನು ದನಿ ಇಳಿಸಿದ. "ಅರ್ಜಿ ಹೋದ್ರೆ ಅವರು ಮೊದ್ಲು ನಿಮ್ಮ ಬೀದಿಯವರನ್ನೇ ಗೇಟಿನಿಂದ ಹೊರಗೆ ಹಾಕ್ತಾರೆ. ನಿನ್ನ ಅಳಿಯನೇ ಮುಂದೆ. ಮನೇಲಿ ಹಾಲು ಕುಡಿಯೋ ಕೂಸಿದೆ. ಯೋಚನೆ ಮಾಡು."

ಅಂದು ಸಂಜೆ ಅವಳು ಬೀದಿಗೆ ಇಳಿದಳು. ಮುಖಗಳು ಕಾಯುತ್ತಿದ್ದವು. ಗಲ್ಲ ಎತ್ತಲಿಲ್ಲ. ತನಗೆ ಯಾವ ವಾಸನೆಯೂ ತಿಳಿಯುತ್ತಿಲ್ಲವೆಂದಳು. ನಾತ ಹೋದಾಗಲೆಲ್ಲ ತೆರೆಯಲು ಹೇಳಿದ್ದು ತಪ್ಪೆಂದಳು. ದರ್ಜಿಯ ಮನೆಯ ಬೀಗ ನೋಡಿ ಮಾತು ನಿಲ್ಲಿಸಿದಳು.

ಯಾರೂ ಬೈಯಲಿಲ್ಲ. ಅಡುಗೆಯವಳು ಕಿಟಕಿಯಿಂದ ತಲೆ ಹೊರಹಾಕಿ, "ನೆಗಡಿ ಆಗಿರಬೇಕು, ಹೋಗುತ್ತೆ ಬಿಡು ಅತ್ತೆ. ಈಗ ಹೇಳು, ತೆರೆಯೋದೋ ಮುಚ್ಚೋದೋ?" ಎಂದಳು.

"ಗೊತ್ತಿಲ್ಲ ಕಣೇ."

"ಗೊತ್ತಿಲ್ಲ ಅಂದ್ರೆ ಹೇಗೆ? ಸೆಕೆಗೆ ಬೇಯ್ತಿದ್ದೀವಿ. ಏನೋ ಒಂದು ಹೇಳು."

"ಮುಚ್ಚಿ."

ಮಾರನೆಯ ದಿನವೂ ಮುಚ್ಚಿ ಎಂದಳು, ಅದರ ಮರುದಿನವೂ. ತಗಡಿನ ಛಾವಣಿಗಳ ಕೆಳಗೆ ಬೀದಿ ಬೆಂದಿತು. ಬೆವರುಸಾಲೆಯ ಮಕ್ಕಳು ಅತ್ತವು. "ಮೂಗತ್ತೆಗೆ ಅರಳುಮರಳು," ಎಂದು ಕಾವಲುಗಾರ ಮೊದಲು ತೆರೆದ. ಆಮೇಲೆ ಅಡುಗೆಯವಳು ತೆರೆದಳು. ಕೆಲವೇ ದಿನಗಳಲ್ಲಿ ಮೂಗತ್ತೆ ಬೀದಿಗೆ ಇಳಿದರೆ ಯಾರೂ ತಿರುಗಿ ನೋಡದಂತಾಯಿತು. ಹಾಗೆಂದು ಅವಳು ಇಳಿಯುವುದನ್ನು ಬಿಡಲಿಲ್ಲ.

ಮುಚ್ಚಿ ಉಳಿದದ್ದು ಅವಳ ಮನೆಯದೊಂದೇ. ಒಂದು ಸಂಜೆ ಬೀದಿಯಿಂದ ತಿರುಗಿ ನೋಡಿದಾಗ ಮಗಳು ಗಾಜಿನ ಹಿಂದೆ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು. ಹೆಗಲ ಮೇಲೆ ಮಗು ಕೆಂಪಗೆ, ಬಾಯಿ ತೆರೆದು ಅಳುತ್ತಿತ್ತು.

ಮೂಗತ್ತೆ ತಲೆಯಾಡಿಸಿದಳು. ಬೇಡ.

ಮಗಳು ಒಂದು ಗಳಿಗೆ ಕಾದಳು. ಆಮೇಲೆ ಚಿಲಕ ತೆಗೆದಳು.

"ಉಸಿರು ಕಟ್ಟಿ ಸಾಯ್ತಾಳಮ್ಮ ಇವಳು," ಎಂದಳು, ಜಗಳದ ದನಿಯಲ್ಲಲ್ಲ.

ಗಾಳಿ ಒಳಗೆ ಬಂದಿತು. ಪರದೆ ಉಬ್ಬಿತು, ಮಗು ಅಳು ನಿಲ್ಲಿಸಿತು. ಮೂಗತ್ತೆ ಒಳಗೆ ಬಂದು ತೊಟ್ಟಿಲ ಪಕ್ಕ ಕೂತಳು. ಗೋಡೆಯಾಚೆಯ ಬೆಂಕಿಯ ಬೆಳಕು ಮಗುವಿನ ಕೆನ್ನೆಯ ಮೇಲೆ ಅಲುಗುತ್ತಿತ್ತು. ಇಸ್ತ್ರಿಯಿಂದ ಒರಟಾದ ಅಂಗೈಯನ್ನು ಮೆಲ್ಲಗೆ ಆ ಪುಟ್ಟ ಎದೆಯ ಮೇಲೆ ಇಟ್ಟಳು. ಎದೆ ಏರಿತು, ಇಳಿಯಿತು. ಮತ್ತೆ ಏರುವವರೆಗೆ ತಾನೂ ಉಸಿರು ಹಿಡಿದಳು.

"ಊಟಕ್ಕೆ ಏಳಮ್ಮ," ಎಂದಳು ಮಗಳು.

ಅವಳು ಕೈ ತೆಗೆಯಲಿಲ್ಲ.