ಸಿಲಿಂಡರ್ ಬಂದ್ ಮಾಡಿದ ಒಲೆಯತ್ತೆ

ಬೀದಿಯವರು ಹೇಳುತ್ತಿದ್ದರು: "ಒಲೆಯತ್ತೆ ಮುಟ್ಟಿದ ಸ್ಟೌ, ಒಲೆಯತ್ತೆಯ ನಾಲಿಗೆ, ಎರಡೂ ಒಂದೇ ತಿರುವಿಗೆ ಹೊತ್ತಿಕೊಳ್ಳುತ್ತವೆ." ಸುಳ್ಳೇನಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಸ್ಟೌ ರಿಪೇರಿ ಅಂಗಡಿ. ಕಿಟಕಿಯ ಕೆಳಗೆ ಬರ್ನರುಗಳ ರಾಶಿ, ಗೋಡೆಗೆ ರಬ್ಬರ್ ಪೈಪಿನ ಸುರುಳಿ. ಜಡೆಗೆ ಸಿಕ್ಕಿಸಿದ ಪಿನ್ನು ಕೂದಲಿಗಲ್ಲ, ಬರ್ನರಿನ ತೂತು ಬಿಡಿಸಲು. ಹಳದಿ ಉರಿ ಕಂಡರಂತೂ ಸಿಡಿಮಿಡಿ. "ಗ್ಯಾಸೆಲ್ಲ ನುಂಗಿ ಪಾತ್ರೆಗೆ ಮಸಿ ಬಳಿಯುತ್ತೆ. ಮೊದಲು ಸಿಲಿಂಡರ್ ಬಂದ್ ಮಾಡು, ಆಮೇಲೆ ಮಾತಾಡು!"

ಅಂಥವಳಿಗೆ ಎದೆಯ ಕ್ಯಾನ್ಸರ್ ಬಂತು. ಗಡ್ಡೆ ತೆಗೆದರು. ಅಡಗಿ ಉಳಿದ ಕೋಶಗಳಿದ್ದರೆ ಅವಕ್ಕೆಂದು ಡ್ರಿಪ್ಪಿನಲ್ಲಿ ಔಷಧಿ ಶುರುವಾಯಿತು. ಜಡೆ ಉದುರಿತು, ಪಿನ್ನು ತಲೆವಸ್ತ್ರಕ್ಕೆ ಏರಿತು.

ಅಣ್ಣನ ಮಗಳು ಆಸ್ಪತ್ರೆಯ ಲ್ಯಾಬಿನವಳು. ಅತ್ತೆಯ ಭಾಷೆಯಲ್ಲೇ ಬಿಡಿಸಿ ಹೇಳಿದಳು: "ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಅಂತ ಇರುತ್ತೆ ಅತ್ತೆ, ನಿನ್ನ ಬರ್ನರ್ ಇದ್ದಂಗೆ. ತಿಂದಿದ್ದನ್ನ ಉರಿಸಿ ಶಕ್ತಿ ಕೊಡುತ್ತೆ. ಕ್ಯಾನ್ಸರ್ ಕೋಶ ಎಷ್ಟೋ ಸಲ ಸಕ್ಕರೆ ಬಾಚಿಕೊಂಡು ಅರ್ಧಂಬರ್ಧ ಉರಿಸುತ್ತೆ."

"ಹಳದಿ ಉರಿ!" ಎಂದಳು ಅತ್ತೆ. ಮುಂದಿನ ಮಾತು ಕಿವಿಗೇ ಬೀಳಲಿಲ್ಲ.

ಅಂದಿನಿಂದ ಅವಳ ಹಾಲು ಬೆಕ್ಕಿಗೆ, ಅನ್ನ ಗಂಡನ ತಟ್ಟೆಗೆ. ಔಷಧಿಗೆ ಬಾಯಿ ಕೆಟ್ಟಿದೆ ಅಂದುಕೊಂಡ ಗಂಡ, ಪಾಪ, ಇಬ್ಬರ ಪಾಲನ್ನೂ ಉಂಡು ದುಂಡಗಾದ. ಬೆಕ್ಕೂ ದುಂಡಗಾಯಿತು. ಅತ್ತೆ ಮಾತ್ರ ಕಡ್ಡಿ. ಆಸ್ಪತ್ರೆಯ ತಕ್ಕಡಿ ನೋಡಿ ಡಾಕ್ಟರು ಕೈ ಚೆಲ್ಲಿದರು. "ಹೀಗಾದ್ರೆ ಮುಂದಿನ ಔಷಧಿ ಕೊಡೋಕಾಗಲ್ಲ. ಮೈ ತಡ್ಕೊಳ್ಳಲ್ಲ. ಮೊದಲು ತೂಕ ಏರಿಸಿ."

ಅಣ್ಣನ ಮಗಳು ಓಡಿಬಂದಳು. ಅತ್ತೆ ಹೆಮ್ಮೆಯಿಂದ ಹೇಳಿದಳು, "ಸಿಲಿಂಡರ್ ಬಂದ್ ಮಾಡಿದೀನಿ ಕಣೇ. ಒಳಗೆ ಉಳಿದ ಹಳದಿ ಉರಿಗಳೂ ಆರಿಹೋಗ್ಲಿ."

"ಅಯ್ಯೋ ನಿನ್ನ! ಸಿಲಿಂಡರ್ ಬಂದ್ ಮಾಡಿದ್ರೆ ಕೆಟ್ಟ ಬರ್ನರ್ ಒಂದೇ ಆರುತ್ತಾ? ಮೈತುಂಬ ಇರೋ ಒಳ್ಳೆ ಬರ್ನರ್‌ಗಳ ಗತಿ ಏನು? ಕಳ್ಳ ಕೋಶ ನಿನ್ನ ಮಾಂಸ ಕರಗಿಸಿಯಾದ್ರೂ ತಿನ್ನುತ್ತೆ. ಪೂರ್ತಿ ಕೇಳು. ಕೆಟ್ಟುಹೋದ ಕೋಶಕ್ಕೆ 'ಸಾಕು, ಹೊರಡು' ಅಂತ ಹೇಳೋದೂ ಇದೇ ಮೈಟೋಕಾಂಡ್ರಿಯಾ. ಕ್ಯಾನ್ಸರ್ ಅದರ ಬಾಯಿಗೆ ಬಟ್ಟೆ ತುರುಕಿರುತ್ತೆ. ನಿನ್ನ ಔಷಧಿ ಒಳಗೆ ಹೋಗಿ, ಅದು ಮತ್ತೆ ಬಾಯಿ ಬಿಡೋ ಹಾಗೆ ಮಾಡುತ್ತೆ."

"ಆ ಬಟ್ಟೆ ಎಲ್ಲಿ ಸಿಗುತ್ತಮ್ಮಾ?" ಗಂಡ ಅಡುಗೆಮನೆಯಿಂದ ಕೇಳಿದ. "ಮದುವೆಯಾದಾಗಿಂದ ಹುಡುಕ್ತಿದೀನಿ."

"ರೀ, ನಿಮ್ಮ ಬಾಯಿಗಾದ್ರೆ ಇಡೀ ಸೀರೆನೇ ಬೇಕು! ಮೊದಲು ಎರಡು ಮೊಟ್ಟೆ ಬೇಯಿಸಿ ತನ್ನಿ."

ತಂದ. ತಿಂದಳು. ಮಾರನೆಯ ದಿನ ಮೂರು ಬೇಡಿದಳು. ಹಾಲು ಕೈತಪ್ಪಿದ ಬೆಕ್ಕು ಮುನಿಸಿಕೊಂಡು ಪೈಪಿನ ಸುರುಳಿಯಲ್ಲಿ ಮಲಗಿತು. ತಕ್ಕಡಿಯ ಮುಳ್ಳು ನಿಧಾನಕ್ಕೆ ಬಲಕ್ಕೆ ವಾಲಿತು. ನಿಂತ ಔಷಧಿ ಮತ್ತೆ ಹರಿಯಿತು.

ಕೊನೆಯ ಡ್ರಿಪ್ಪಿನ ದಿನ. ಗಂಡ ಗಾಡಿಯ ಬಳಿ ಕಾಯುತ್ತಿದ್ದ. ಅತ್ತೆ ಹೊಸಿಲು ದಾಟುವ ಹೊತ್ತಿಗೆ ಪಕ್ಕದ ಮನೆಯಾಕೆ ಸ್ಟೌ ಹೊತ್ತು ಬಂದಳು. "ಅತ್ತೇ, ಉರಿ ಹಳದಿ!"

"ಅಲ್ಲೇ ಇಟ್ಟಿರು, ಆಸ್ಪತ್ರೆಗೆ ಇದೊಂದು ಸಲ ಹೋಗಿ ಬಂದುಬಿಡ್ತೀನಿ. ಸಿಲಿಂಡರ್ ಬಂದ್ ಮಾಡಿದ್ಯಾ?"

"ಮಾಡಿದೀನಿ."

"ಊಟ ಬಂದ್ ಮಾಡ್ಬೇಡ! ಒಳಗೆ ಮೊಟ್ಟೆ ಬೆಂದಿದೆ, ತಿನ್ನು."

ತಲೆವಸ್ತ್ರದ ಪಿನ್ನು ಸರಿಮಾಡಿಕೊಂಡು ಅತ್ತೆ ಮೆಟ್ಟಿಲಿಳಿದಳು.